'ಎಂದರೆ' ಮತ್ತು 'ಒಳಗೊಳ್ಳುತ್ತದೆ': ಕಾಯ್ದೆಯ ಎರಡು ಸಣ್ಣ ಪದಗಳು

ಕೊಪ್ಪದ ಕಡೆ ಅಡಿಕೆ ಬೆಳೆದ ಜಾಗವೂ ತೋಟ. ಮೂಡಿಗೆರೆಯಲ್ಲಿ ಕಾಫಿ ಬೆಳೆದ ಜಾಗವೂ ತೋಟ. ಚಿಕ್ಕಮಗಳೂರು ಜಿಲ್ಲೆಯ ನಮಗೆ ಎರಡೂ ಒಂದೇ ಮಾತು. ಕಾಯ್ದೆಗೆ ಹಾಗಲ್ಲ.

ರಾಜ್ಯದ ಯಾವ ಕಾಯ್ದೆ ತೆಗೆದರೂ ಸಾಮಾನ್ಯವಾಗಿ ಎರಡನೇ ಪ್ರಕರಣವೇ, ಅಂದರೆ ಸೆಕ್ಷನ್ನೇ, 'ಪರಿಭಾಷೆಗಳು'. ಮುಂದೆ ಬರುವ ಪದಗಳಿಗೆ ಕರಡು ಬರೆಯುವವರು ಅಲ್ಲೇ ಅರ್ಥ ಕಟ್ಟಿಡುತ್ತಾರೆ. ಜಾಸ್ತಿ ಜನ ಆ ಪುಟ ಹಾರಿಸಿ ಮುಂದೆ ಹೋಗುತ್ತಾರೆ. ಮೊದಲು ಓದಬೇಕಾದದ್ದು ಅದನ್ನೇ ಅಂತ ನನಗೆ ಬಲವಾಗಿ ಅನಿಸುತ್ತದೆ.

ಕರ್ನಾಟಕ ಭೂ ಸುಧಾರಣಾ ಕಾಯ್ದೆ, 1961 ನೋಡಿ. ಜಮೀನಿನ ಗರಿಷ್ಠ ಮಿತಿಯಿಂದ ಪ್ಲಾಂಟೇಷನ್‌ಗಳಿಗೆ ಅದು ವಿನಾಯಿತಿ ಕೊಡುತ್ತದೆ. ಹಾಗಾದರೆ ಪ್ಲಾಂಟೇಷನ್ ಬೆಳೆ ಎಂದರೆ ಯಾವುದು? ಏಲಕ್ಕಿ, ಕೋಕೋ, ಕಾಫಿ, ಕಾಳುಮೆಣಸು, ರಬ್ಬರ್, ಚಹಾ. ಆರೇ ಬೆಳೆ. ಅಡಿಕೆ ಇಲ್ಲ. 'ಎಂದರೆ' ಅಂತ ಬರೆದ ಮೇಲೆ ಪಟ್ಟಿಗೆ ಬೇಲಿ ಬಿತ್ತು. ಅಡಿಕೆಯೂ ಇವುಗಳ ಹಾಗೇ ವರ್ಷಗಟ್ಟಲೆ ನಿಲ್ಲುವ ಬೆಳೆ ಅಲ್ವಾ ಅಂತ ವಾದಿಸಿದರೆ ನ್ಯಾಯಾಲಯ ಅದನ್ನು ಸುಮ್ನೆ ಒಳಗೆ ಸೇರಿಸುವುದಿಲ್ಲ. ಸೇರಿಸಬೇಕಾದವರು ಶಾಸಕರು, ತಿದ್ದುಪಡಿಯ ಮೂಲಕ.

'ಒಳಗೊಳ್ಳುತ್ತದೆ' ಅನ್ನುವುದು ಬಾಗಿಲು ತೆರೆಯುವ ಪದ. ಪದದ ಬಳಕೆಯ ಅರ್ಥ ಹಾಗೇ ಉಳಿದು, ಅದರ ಜೊತೆಗೆ ಇನ್ನಷ್ಟು ಬಂದು ಸೇರುತ್ತದೆ.

ಕೆಲವು ಕಡೆ ಎರಡೂ ಒಟ್ಟಿಗೆ ಬರುತ್ತವೆ. ಅದೇ ಕಾಯ್ದೆಯಲ್ಲಿ ಪ್ಲಾಂಟೇಷನ್ ಎಂದರೆ ಮುಖ್ಯವಾಗಿ ಆ ಬೆಳೆಗಳಿಗೆ ಬಳಸುವ ಜಮೀನು. ಬೆಳೆಯನ್ನು ಮಾರುಕಟ್ಟೆಗೆ ತಯಾರು ಮಾಡುವ ಜಾಗವನ್ನೂ ಅದು ಒಳಗೊಳ್ಳುತ್ತದೆ. ಕಾಫಿ ಒಣಗಿಸುವ ಕಣದಲ್ಲಿ ಒಂದು ಗಿಡವೂ ಇರುವುದಿಲ್ಲ. ಆದರೂ ಕಣ ಪ್ಲಾಂಟೇಷನ್ ಆಗುವುದು ಈ ಎರಡನೇ ಪದದ ಬಲದಿಂದ.

ಎರಡೂ ಸೇರಿದಾಗ ಪಟ್ಟಿ ತೆರೆದಿದೆಯೋ ಮುಚ್ಚಿದೆಯೋ? ತಮಿಳುನಾಡಿನ ಖಾಸಗಿ ಕಾಲೇಜುಗಳ ಕಾಯ್ದೆಯ ನಿಯಮಗಳ ಬಗ್ಗೆ 1995ರಲ್ಲಿ ಸುಪ್ರೀಂ ಕೋರ್ಟ್ ಈ ಪ್ರಶ್ನೆ ನೋಡಿತು. ಕಲಾ ಮತ್ತು ವಿಜ್ಞಾನ, ಶಿಕ್ಷಕರ ತರಬೇತಿ, ಸಂಗೀತ ಹೀಗೆ ಕೆಲವು ಬಗೆಯ ಕಾಲೇಜುಗಳನ್ನು ಅಲ್ಲಿ ಹೆಸರಿಸಲಾಗಿತ್ತು. ಎಂಜಿನಿಯರಿಂಗ್ ಕಾಲೇಜು ಇರಲಿಲ್ಲ. ಪಟ್ಟಿ ಮುಚ್ಚಿದೆ, ಎಂಜಿನಿಯರಿಂಗ್ ಕಾಲೇಜು ಅದರೊಳಗೆ ಬರುವುದಿಲ್ಲ ಅಂತ ತೀರ್ಪು ಬಂತು. ಕಾಲೇಜು ಅಂದರೆ ಕಾಲೇಜೇ ಅಲ್ಲವಾ ಅನ್ನುವ ಲೋಕರೂಢಿಯ ಮಾತು ಅಲ್ಲಿ ನಡೆಯಲಿಲ್ಲ.

ಪರಿಭಾಷೆಗಳ ತಲೆಯ ಮೇಲೆ ಇನ್ನೊಂದು ಸಾಲು ಇರುತ್ತದೆ: 'ಸಂದರ್ಭವು ಅನ್ಯಥಾ ಅಗತ್ಯಪಡಿಸದ ಹೊರತು'. ಕಟ್ಟಿಟ್ಟ ಅರ್ಥ ಕಾಯ್ದೆಯ ಯಾವುದಾದರೂ ಒಂದು ಜಾಗದಲ್ಲಿ ಹೊಂದದೇ ಹೋದರೆ, ಅಲ್ಲಿ ಮಾತ್ರ ಬೇರೆ ಅರ್ಥ ಹಿಡಿಯಲು ನ್ಯಾಯಾಧೀಶರಿಗೆ ಇದು ದಾರಿ ಬಿಡುತ್ತದೆ.

ಈಗ ನಮ್ಮ ಮಲೆನಾಡಿನ ತೋಟಕ್ಕೇ ಬನ್ನಿ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದೆ, ನಡುವೆ ಕಾಫಿ ಗಿಡ ನಿಂತಿದೆ. ಇದು ಪ್ಲಾಂಟೇಷನ್ನೇ? ಇಲ್ಲಿ ತೂಗುವ ಪದ 'ಮುಖ್ಯವಾಗಿ'. ಆ ನೆಲ ಹೆಚ್ಚಾಗಿ ಯಾವ ಬೆಳೆಗೆ ದುಡಿಯುತ್ತಿದೆ ಅನ್ನುವುದನ್ನು ಸಾಕ್ಷ್ಯದಿಂದ ತೋರಿಸಬೇಕು. ಪಹಣಿಯ ಬೆಳೆ ಕಾಲಂನಲ್ಲಿ ಏನು ಬರೆದಿದೆ ಅಂತ ವಕೀಲರು ಮೊದಲು ಕೇಳುವುದು ಅದಕ್ಕೇ.