ಐ5 ಅಂದರೆ ಯಾವ ಐ5? ಮನೆಗೆ ಕಂಪ್ಯೂಟರ್ ಆರಿಸುವವರಿಗೆ ಟಿಪ್ಪಣಿ

ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್‌ಗೆ ಇಂಟೆಲ್ ಕಂಪನಿ ಇಟ್ಟ ಹೆಸರುಗಳಲ್ಲಿ ಅಂಗಡಿಯಲ್ಲಿ ದೊಡ್ಡದಾಗಿ ಬರೆದಿರೋದು ಐ3, ಐ5, ಐ7 ಅಂತ. ಆದರೆ ಯಂತ್ರ ಎಷ್ಟು ಹಳೆಯದು, ವಿಂಡೋಸ್ 11 ಅದರಲ್ಲಿ ಕೂರುತ್ತದೋ ಇಲ್ಲವೋ ಅನ್ನೋದು ತಿಳಿಯುವುದು ಅದರ ಮುಂದಿನ ಸಣ್ಣ ನಂಬರಿನಿಂದ. ರ‍್ಯಾಮ್ 8 ಜಿಬಿಗಿಂತ ಕಡಿಮೆ ಬೇಡ, 16 ಇದ್ದರೆ ನೆಮ್ಮದಿ, ಎಸ್‌ಎಸ್‌ಡಿ (ಕಡತ ಉಳಿಸುವ ವೇಗದ ಡಿಸ್ಕ್) ಇರಲೇಬೇಕು. ಇದು ನಿಮಗೆ ಗೊತ್ತಿರೋದೇ, ಮುಂದೆ ಹೋಗೋಣ.

ಡೆಸ್ಕ್‌ಟಾಪ್‌ನಲ್ಲಿ ಓದುವುದು ಸುಲಭ. ಐ5-6500 ಅಂದರೆ 6ನೇ ತಲೆಮಾರು, 2015ರದ್ದು. ಐ3-12100 ಅಂದರೆ 12ನೇ ತಲೆಮಾರು, 2022ರದ್ದು. ಕೊನೆಯ ಮೂರು ಅಂಕಿ ಬಿಟ್ಟು ಮುಂದೆ ಉಳಿದದ್ದೇ ತಲೆಮಾರು. ಎರಡರಲ್ಲೂ 4 ಕೋರ್‌ಗಳೇ (ಲೆಕ್ಕ ಮಾಡುವ ಘಟಕಗಳೇ) ಇವೆ, ಆದರೆ ಈ ಐ3 ಆ ಐ5ಅನ್ನು ಆರಾಮಾಗಿ ಹಿಂದೆ ಹಾಕುತ್ತದೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಹುಡುಕುವವರು 'ಐ5 ಇದೆ ಸಾರ್' ಅಂದ ತಕ್ಷಣ ಕೇಳಬೇಕಾದದ್ದು ಒಂದೇ: ಯಾವ ಐ5?

ಗೋಜಲು ಶುರುವಾಗುವುದು ಲ್ಯಾಪ್‌ಟಾಪ್‌ನಲ್ಲಿ. ಐ5-8250ಯು ನೋಡಿ, ಮೊದಲ ಅಂಕಿ 8, ಅಂದರೆ 8ನೇ ತಲೆಮಾರು. ಸರಿ. ಈಗ ಐ5-1235ಯು ನೋಡಿ. ಇದರಲ್ಲೂ ನಾಲ್ಕೇ ಅಂಕಿ. ಅದೇ ಲೆಕ್ಕ ಹಾಕಿದರೆ 1ನೇ ತಲೆಮಾರು ಅಂತ ಬರುತ್ತದೆ, ಅಲ್ವಾ? ಅಲ್ಲ, ಇದು 12ನೇ ತಲೆಮಾರು. 10ನೇ ತಲೆಮಾರು ಬಂದ ಮೇಲೆ ಲ್ಯಾಪ್‌ಟಾಪ್‌ನ ಎಷ್ಟೋ ಚಿಪ್‌ಗಳಲ್ಲಿ ತಲೆಮಾರಿನ ನಂತರ ಬರುವ ಅಂಕಿಗಳು ಮೂರರಿಂದ ಎರಡಕ್ಕೆ ಇಳಿದವು. ಹಾಗಾಗಿ ನಾನು ಇಟ್ಟುಕೊಂಡಿರುವ ಸೂತ್ರ ಇದು: ನಂಬರ್ 1ರಿಂದ ಶುರುವಾದರೆ ಮೊದಲ ಎರಡು ಅಂಕಿ ಓದಿ, ಬೇರೆ ಅಂಕಿಯಿಂದ ಶುರುವಾದರೆ ಒಂದೇ ಓದಿ. 1035 ಅಂದರೆ 10, 1235 ಅಂದರೆ 12, 13420 ಅಂದರೆ 13, 7200 ಅಂದರೆ 7. 2023ರ ಕೊನೆಯಲ್ಲಿ ಬಂದ ಕೋರ್ ಅಲ್ಟ್ರಾ ಹೆಸರುಗಳಿಗೆ ಈ ಸೂತ್ರ ನಡೆಯುವುದಿಲ್ಲ.

ಎಎಂಡಿ ಕಂಪನಿಯ ಪ್ರೊಸೆಸರ್ ರೈಜೆನ್‌ನದ್ದು ಇನ್ನೊಂದು ತಮಾಷೆ. ರೈಜೆನ್ 5 7520ಯು ಮತ್ತು 7530ಯು ಅಕ್ಕಪಕ್ಕದ ಮನೆಯವರ ಹಾಗೆ ಕಾಣುತ್ತವೆ. ಆದರೆ ಮೊದಲ 7 ಹೇಳುವುದು ಮಾರಾಟದ ವರ್ಷವನ್ನು, 2023 ಅಂತ. ಒಳಗಿನ ವಿನ್ಯಾಸ ಯಾವುದು ಅನ್ನೋದು ಮೂರನೇ ಅಂಕಿಯಲ್ಲಿದೆ. 7520ರಲ್ಲಿ ಅದು 2, ಅಂದರೆ ಝೆನ್ 2, 2019ರಲ್ಲಿ ಬಂದ ವಿನ್ಯಾಸ. 7530ರಲ್ಲಿ ಝೆನ್ 3. ಹೊಸ ಡಬ್ಬಿಯಲ್ಲಿ ಹಳೇ ಸರಕು ಅಂತ ಬೈಯಬೇಕೆನಿಸುತ್ತದೆ, ಆದರೂ ಓದು, ಬರಹ, ವಿಡಿಯೋಗೆ 7520 ಸಾಕು.

ಕೊನೆಯ ಅಕ್ಷರವನ್ನೂ ಬಿಡಬೇಡಿ. ಯು ಇದ್ದರೆ ಕರೆಂಟ್ ಕಡಿಮೆ ತಿನ್ನುತ್ತದೆ, ಎಚ್ ಇದ್ದರೆ ಜೋರು, ಬಿಸಿಯೂ ಜಾಸ್ತಿ. ಡೆಸ್ಕ್‌ಟಾಪ್‌ನಲ್ಲಿ ಎಫ್ ಇದ್ದರೆ ಎಚ್ಚರ. 12100ಎಫ್ ಸ್ವಲ್ಪ ಅಗ್ಗ ಅಂತ ತಂದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ಬೇರೆ ಕಾರ್ಡ್ ಹಾಕದೆ ಪರದೆ ಮೇಲೆ ಏನೂ ಮೂಡುವುದಿಲ್ಲ.

ಇದೆಲ್ಲ ಸುಮ್ನೆ ಅಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಂಟೆಲ್‌ನಲ್ಲಿ 8ನೇ ತಲೆಮಾರಿನಿಂದ ಮೇಲಿನದನ್ನೇ ಕೇಳುತ್ತದೆ, ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತೆಯ ವ್ಯವಸ್ಥೆಯನ್ನೂ. 8250ಯು ಪಾಸ್, 7200ಯು ಫೇಲ್. ಮನೆಯಲ್ಲಿರುವ ಯಂತ್ರದ ನಂಬರ್ ಬೇಕಾದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಪರ್ಫಾರ್ಮೆನ್ಸ್ ತೆರೆದು ಸಿಪಿಯು ಮೇಲೆ ಕ್ಲಿಕ್ ಮಾಡಿ. ಬಲಗಡೆ ಮೇಲೆ ಪೂರ್ತಿ ಹೆಸರು ಬರುತ್ತದೆ.

ಫೇಲ್ ಆದದ್ದನ್ನು ಗುಜರಿಗೆ ಹಾಕಬೇಡಿ. ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಮಿಂಟ್ 22 ಹಾಕಿ, ಅದಕ್ಕೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆ. ಲೆಕ್ಕಪತ್ರದ ಟ್ಯಾಲಿ ಬೇಕಾದವರು ಮಾತ್ರ ವಿಂಡೋಸ್‌ನಲ್ಲೇ ಇರಿ. ಕನ್ನಡ ಟೈಪಿಂಗ್‌ಗೆ ಎರಡರಲ್ಲೂ ದಾರಿ ಇದೆ. ನುಡಿ ತಂತ್ರಾಂಶದ ಕಗಪ ಕೀಲಿ ವಿನ್ಯಾಸ ಕಲಿತವರಿಗೆ ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರೆ 'ಕನ್ನಡ' ಬರುತ್ತದೆ, ನಡುವಿನ ಎಫ್ ಒತ್ತಕ್ಷರ ಕೂಡಿಸುತ್ತದೆ. ಆ ಕಗಪ ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲೂ ಇದೆ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಟ್ಟ ಕಡತಗಳನ್ನು ಮಾತ್ರ ಮೊದಲೇ ಎಲ್ಲ ಯಂತ್ರದಲ್ಲೂ ಓದಬರುವ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಇಲ್ಲದಿದ್ದರೆ ಆ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣಿಸುತ್ತದೆ.

ಉಳಿದ ದುಡ್ಡನ್ನು ಐ7ಗೆ ಸುರಿಯುವ ಬದಲು ಕತ್ತು, ಮಣಿಕಟ್ಟಿಗೆ ಖರ್ಚು ಮಾಡಿ ಅನ್ನುವುದು ನನ್ನ ವಾದ. ಮಾನಿಟರ್‌ನ ಮೇಲಂಚು ಕಣ್ಣಿನ ಮಟ್ಟದಲ್ಲಿರಲಿ, ಪರದೆ ಒಂದು ತೋಳಿನಷ್ಟು ದೂರವಿರಲಿ. ಲ್ಯಾಪ್‌ಟಾಪ್‌ನಲ್ಲಿ ಇದು ಆಗದ ಮಾತು, ಪರದೆ ಎತ್ತಿದರೆ ಕೀಲಿಗಳೂ ಮೇಲೆ ಹೋಗುತ್ತವೆ. ಅದಕ್ಕೇ ಕೆಳಗೆ ಒಂದು ಸ್ಟ್ಯಾಂಡ್, ಬೇರೆ ಕೀಬೋರ್ಡ್, ಬೇರೆ ಮೌಸ್. ಡೆಸ್ಕ್‌ಟಾಪ್ ಆದರೆ ಯುಪಿಎಸ್ ತಪ್ಪಿಸಬೇಡಿ. ಸಣ್ಣದಾದರೂ ಪರವಾಗಿಲ್ಲ, ಕರೆಂಟ್ ಹೋದಾಗ ಕೆಲಸ ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತು ಸಿಕ್ಕರೆ ಆಯಿತು. ಮಾನಿಟರ್ ವೈರನ್ನೂ ಅದಕ್ಕೇ ಚುಚ್ಚಿ, ಕತ್ತಲೆ ಪರದೆಯಲ್ಲಿ ಸೇವ್ ಬಟನ್ ಹುಡುಕೋದು ಹೇಗೆ?