ಒಣಕಣ್ಣು: ನೀರು ಸುರಿಸುತ್ತಲೇ ಒಣಗುವ ಕಣ್ಣು

ಕಣ್ಣು ಉರಿಯುತ್ತದೆ, ಮರಳು ಬಿದ್ದಂತೆ ಚುಚ್ಚುತ್ತದೆ, ಸಂಜೆಯಾದರೆ ಅಕ್ಷರಗಳು ಮಸುಕಾಗುತ್ತವೆ. ನಮ್ಮ ಮನೆಗಳಲ್ಲಿ ಇದಕ್ಕೆ ಥಟ್ಟನೆ ಸಿಗುವ ಉತ್ತರ ‘ಉಷ್ಣವಾಗಿದೆ’ ಎಂಬುದು. ಎಳನೀರು ಬರುತ್ತದೆ, ರೆಪ್ಪೆಯ ಮೇಲೆ ನಂದಿಬಟ್ಟಲು ಹೂವು ಕೂರುತ್ತದೆ. ಕಣ್ಣಿನ ವೈದ್ಯರು ಪರೀಕ್ಷಿಸಿದಾಗ ಹಲವು ಸಲ ಡ್ರೈ ಐ, ಅಂದರೆ ಒಣಕಣ್ಣು ಎನ್ನುತ್ತಾರೆ. ಕೆನ್ನೆಯ ಮೇಲೆ ನೀರು ಹರಿಸಿಕೊಂಡು ಬಂದವರಿಗೆ ಈ ಮಾತು ನಂಬಲಾಗುವುದಿಲ್ಲ. ಆದರೆ ಕಣ್ಣು ಒಣಗುವುದಕ್ಕೂ ನೀರು ಸುರಿಯುವುದಕ್ಕೂ ನೇರ ನಂಟಿದೆ.

ಕಣ್ಣಿನ ಮುಂಭಾಗವನ್ನು ಸದಾ ಒಂದು ತೆಳುವಾದ ಲೇಪ ಕಾಯುತ್ತಿರುತ್ತದೆ. ಅದರ ತಳದಲ್ಲಿರುವ ಲೋಳೆ ನೀರನ್ನು ಕಣ್ಣಿಗೆ ಅಂಟಿಸುತ್ತದೆ. ನಡುವಿನ ನೀರು ಕಣ್ಣೀರಿನ ಗ್ರಂಥಿಯದು. ಮೇಲ್ಗಡೆ, ಆ ನೀರು ಆವಿಯಾಗದಂತೆ ತಡೆಯುವ ಎಣ್ಣೆ. ಈ ಎಣ್ಣೆ ರೆಪ್ಪೆಯ ಅಂಚಿನಲ್ಲಿ ಸಾಲಾಗಿರುವ ಮೈಬೋಮಿಯನ್ ಗ್ರಂಥಿಗಳಿಂದ ಬರುತ್ತದೆ. 17ನೇ ಶತಮಾನದ ಜರ್ಮನ್ ವೈದ್ಯ ಹೈನ್‌ರಿಷ್ ಮೈಬೋಮ್ ಅವರ ಹೆಸರು ಇವುಗಳಿಗಿದೆ. ಎಣ್ಣೆ ಕೆಟ್ಟರೆ ಲೇಪ ಬೇಗ ಒಡೆಯುತ್ತದೆ, ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಸೂಕ್ಷ್ಮ ನರಗಳು ಗಾಳಿಗೆ ಬೀಳುತ್ತವೆ. ಅವು ಕೂಗಿಕೊಂಡಾಗ ಗ್ರಂಥಿ ಒಮ್ಮೆಲೇ ನೀರು ಸುರಿಸುತ್ತದೆ. ಆ ನೀರು ಕಣ್ಣಿನಲ್ಲಿ ನಿಲ್ಲುವುದಿಲ್ಲ. ಎಣ್ಣೆಯ ತೊಂದರೆಯಿಂದ ಬರುವ ಒಣಕಣ್ಣೇ ಹೆಚ್ಚು. ನೀರೇ ಕಡಿಮೆ ಉತ್ಪತ್ತಿಯಾಗುವ ಬಗೆಯೂ ಇದೆ. ಜೊತೆಗೆ ಬಾಯಿ ಒಣಗಿ, ಕೀಲು ನೋಯುತ್ತಿದ್ದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಕಣ್ಣೀರು, ಜೊಲ್ಲಿನ ಗ್ರಂಥಿಗಳ ಮೇಲೆ ತಿರುಗಿಬೀಳುವ ಶೋಗ್ರೆನ್ಸ್ ಎಂಬ ಕಾಯಿಲೆ ಇದೆಯೇ ಎಂದು ನೋಡಬೇಕಾಗುತ್ತದೆ.

ಬೆಂಗಳೂರಿನ ದಿನಚರಿ ಈ ಲೇಪವನ್ನು ಒಡೆಯುವುದಕ್ಕೇ ಹೇಳಿ ಮಾಡಿಸಿದಂತಿದೆ. ನಿಮಿಷಕ್ಕೆ ಸುಮಾರು 15 ಸಲ ಮಿಟುಕಬೇಕಾದ ರೆಪ್ಪೆ ಕಂಪ್ಯೂಟರ್ ಮುಂದೆ ಅದರ ಅರ್ಧಕ್ಕೂ ಇಳಿಯುತ್ತದೆ. ಮಿಟುಕಿದರೂ ಪೂರ್ತಿ ಮುಚ್ಚುವುದಿಲ್ಲ. ಕಚೇರಿಯಲ್ಲಿ ಎ.ಸಿ., ಹೊರವರ್ತುಲ ರಸ್ತೆಯಲ್ಲಿ ಸ್ಕೂಟರಿನ ಗಾಳಿ ಮತ್ತು ದೂಳು, ಫೆಬ್ರುವರಿ-ಮಾರ್ಚ್‌ನ ಒಣಹವೆ. ಊರಿನ ಅಲರ್ಜಿಗೆಂದು ನುಂಗುವ ಸೆಟ್ರಿಜಿನ್‌ನಂತಹ ಮಾತ್ರೆಗಳೂ ಕಣ್ಣನ್ನು ಒಣಗಿಸಬಲ್ಲವು ಎಂಬುದು ಅನೇಕರಿಗೆ ತಿಳಿದಿಲ್ಲ. ವಯಸ್ಸು, ಮುಟ್ಟು ನಿಲ್ಲುವ ಕಾಲ, ಕಾಂಟ್ಯಾಕ್ಟ್ ಲೆನ್ಸ್, ಕನ್ನಡಕ ಬಿಡಿಸುವ ಲೇಸಿಕ್ ಶಸ್ತ್ರಚಿಕಿತ್ಸೆಗಳೂ ಕಾರಣವಾಗುತ್ತವೆ.

ಪರೀಕ್ಷೆ ಸರಳ. ಹಳದಿ ಬಣ್ಣದ ಹನಿ ಹಾಕಿ ಲೇಪ ಒಡೆಯಲು ಎಷ್ಟು ಸೆಕೆಂಡು ಬೇಕೆಂದು ನೋಡುತ್ತಾರೆ. 10 ಸೆಕೆಂಡಿಗಿಂತ ಮೊದಲೇ ಒಡೆದರೆ ತೊಂದರೆಯಿದೆ ಎನ್ನಬಹುದು. ರೆಪ್ಪೆಯ ಅಂಚಿಗೆ ಕಾಗದದ ಪಟ್ಟಿ ಸಿಕ್ಕಿಸಿ, 5 ನಿಮಿಷದಲ್ಲಿ ಅದು ಎಷ್ಟು ನೆನೆಯುತ್ತದೆಂದು ಅಳೆಯುವ ಶಿರ್ಮರ್ ಪರೀಕ್ಷೆಯೂ ಉಂಟು.

ಆರೈಕೆಯಲ್ಲಿ ನಾವು ಹೆಚ್ಚು ಕಡೆಗಣಿಸುವುದು ಬಿಸಿ ಶಾಖವನ್ನು. ತಂಪು ಹಿತವೆನಿಸುತ್ತದೆ, ಇಟ್ಟುಕೊಳ್ಳಲಿ. ಆದರೆ ಮಾಗಿಯ ಚಳಿಗೆ ತುಪ್ಪ ಹೆಪ್ಪುಗಟ್ಟುವಂತೆ ಗ್ರಂಥಿಯೊಳಗೆ ಗಟ್ಟಿಯಾದ ಎಣ್ಣೆ ಕರಗುವುದು ಬಿಸಿಗೆ. ಹದವಾದ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ 5ರಿಂದ 10 ನಿಮಿಷ ಇಡಿ, ಆರಿದಾಗ ಮತ್ತೆ ಅದ್ದಿ. ಆಮೇಲೆ ರೆಪ್ಪೆಯನ್ನು ಅಂಚಿನ ಕಡೆಗೆ ಮೆಲ್ಲಗೆ ನೀವಿ. ವಾರಗಟ್ಟಲೆ ಬಿಡದೆ ಮಾಡಿದರೆ ಗುಣ ಕಾಣುತ್ತದೆ. ಕೆಲಸದ ನಡುವೆ ಬೇಕೆಂದೇ ಪೂರ್ತಿಯಾಗಿ ರೆಪ್ಪೆ ಮುಚ್ಚಿ ತೆರೆಯಿರಿ, ಪರದೆಯನ್ನು ಕಣ್ಣಿನ ಮಟ್ಟಕ್ಕಿಂತ ಕೆಳಗಿಡಿ, ಎ.ಸಿ. ಗಾಳಿ ನೇರ ಮುಖಕ್ಕೆ ಬಡಿಯದಂತೆ ನೋಡಿಕೊಳ್ಳಿ.

ಕೃತಕ ಕಣ್ಣೀರಿನ ಹನಿಗಳು ಒಳ್ಳೆಯವು. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಕಾದರೆ ಸಂರಕ್ಷಕ ರಾಸಾಯನಿಕವಿಲ್ಲದ ಹನಿಯನ್ನು ಕೇಳಿ. ಕೆಂಪು ಹೋಗಲೆಂದು ಮೆಡಿಕಲ್ ಶಾಪಿನಲ್ಲಿ ಸಿಕ್ಕ ಹನಿ ತಂದು ಹಾಕುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಅವುಗಳಲ್ಲಿ ಕೆಲವು ರಕ್ತನಾಳವನ್ನು ಕುಗ್ಗಿಸುತ್ತವೆ ಅಷ್ಟೇ. ಸ್ಟಿರಾಯ್ಡ್ ಇರುವ ಹನಿಯನ್ನು ವೈದ್ಯರನ್ನು ಕೇಳದೆ ದೀರ್ಘಕಾಲ ಬಳಸಿದರೆ ಕಣ್ಣಿನ ಪೊರೆ, ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಬರಬಹುದು. ಹರಳೆಣ್ಣೆ, ಜೇನುತುಪ್ಪವನ್ನೂ ಕಣ್ಣೊಳಗೆ ಬಿಡಬೇಡಿ, ಸೋಂಕು ತಗಲೀತು.

ತೀವ್ರ ನೋವು, ಬೆಳಕು ನೋಡಲಾಗದಿರುವುದು, ದೃಷ್ಟಿ ಹಠಾತ್ತನೆ ಕುಗ್ಗುವುದು ಕಂಡರೆ ಮನೆಮದ್ದಿಗೆ ಕಾಯದೆ ಅಂದೇ ಮಿಂಟೋ ಕಣ್ಣಾಸ್ಪತ್ರೆಗೋ ಹತ್ತಿರದ ನೇತ್ರತಜ್ಞರಲ್ಲಿಗೋ ಹೋಗಿ.