ಬೈಕಿನ ಆಕ್ಸಿಲರಿ ಲೈಟ್ ಹೊಂದಿಸುವುದು: ಗೋಡೆ, ಟೇಪು ಮತ್ತು ಹಿಂದಿನ ಸೀಟಿನ ಭಾರ

ಬೈಕಿನ ಕ್ರ್ಯಾಶ್ ಗಾರ್ಡ್‌ಗೆ ಎರಡು ಆಕ್ಸಿಲರಿ ಲೈಟ್, ಅಂದರೆ ಹೆಡ್‌ಲೈಟ್ ಜೊತೆಗೆ ಹೆಚ್ಚುವರಿ ದೀಪ, ಹಾಕಿಸಿದ ಹೊಸತು. ಮನೆ ಮುಂದೆ ಸೆಂಟರ್ ಸ್ಟ್ಯಾಂಡ್ ಹಾಕಿ, ಕಾಂಪೌಂಡ್ ಗೋಡೆ ನೋಡಿಕೊಂಡು ಕಣ್ಣಂದಾಜಿನಲ್ಲೇ ತಿರುಗಿಸಿ ಬೋಲ್ಟ್ ಬಿಗಿ ಮಾಡಿದೆ. ಆ ವಾರವೇ ತಮ್ಮನನ್ನು ಹಿಂದೆ ಕೂರಿಸಿಕೊಂಡು, ಬ್ಯಾಗ್ ಕಟ್ಟಿಕೊಂಡು, ರಾತ್ರಿ ಹಾಸನದಿಂದ ಸಕಲೇಶಪುರದ ಕಡೆ ಹೊರಟೆ. ಬೆಳಕು ರಸ್ತೆ ಬಿಟ್ಟು ಮರದ ಕೊಂಬೆಗೆ ಹೊಡೆಯುತ್ತಿತ್ತು. ಎದುರು ಬಂದವರೆಲ್ಲ ಡಿಮ್-ಡಿಪ್ ಮಾಡಿದರು. ಒಬ್ಬ ಬೈಕ್ ಸವಾರ ಕಣ್ಣಿಗೆ ಕೈ ಅಡ್ಡ ಹಿಡಿದು ಮಣ್ಣಿನ ಅಂಚಿಗೆ ಇಳಿದೇಬಿಟ್ಟ. ಅವನು ಬೀಳಲಿಲ್ಲ. ಆದರೆ ಆ ಕೈ ಇನ್ನೂ ನನ್ನ ಕಣ್ಣ ಮುಂದಿದೆ. ಆಮೇಲೆ ಕೂತು ಕಲಿತಿದ್ದನ್ನು ಲೆಕ್ಕದ ಸಮೇತ ಇಲ್ಲಿ ಬರೆದಿದ್ದೇನೆ.

ಎಷ್ಟು ದೂರ ಕಾಣಬೇಕು?

ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಗುಂಡಿಯೋ ದನವೋ ಕಂಡು ಕೈ ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಇಟ್ಟುಕೊಳ್ಳಿ. ಅಷ್ಟರಲ್ಲೇ 25 ಮೀಟರ್ ಹೋಯಿತು. ಒಣ ರಸ್ತೆಯಲ್ಲಿ ಸಾಧಾರಣ ಜೋರಾಗಿ ಬ್ರೇಕ್ ಹಿಡಿದರೆ ನಿಲ್ಲಲು ಇನ್ನೊಂದು 28 ಮೀಟರ್ ಬೇಕು. ಒಟ್ಟು 53. ಹಾಗಾಗಿ ದೂರದ ಬೆಳಕಿಗೆ ನಾನು 60 ಮೀಟರ್ ಇಟ್ಟುಕೊಂಡೆ. ರಸ್ತೆ ಒದ್ದೆ ಇದ್ದರೆ ಈ ಲೆಕ್ಕ ಸಾಲದು, ವೇಗವನ್ನೇ ಇಳಿಸಬೇಕು.

ಗೋಡೆ ಲೆಕ್ಕ

ಸಮತಟ್ಟಾದ ನೆಲ, ಎದುರಿಗೆ ಗೋಡೆ. ಲೈಟಿನ ಗಾಜಿನಿಂದ ಗೋಡೆಗೆ ಸರಿಯಾಗಿ 8 ಮೀಟರ್. ನೆಲದಿಂದ ಲೈಟಿನ ನಡುವಿಗೆ ಎಷ್ಟು ಎತ್ತರ ಅಂತ ಅಳೆಯಿರಿ. ನನ್ನದು 60 ಸೆಂ.ಮೀ. ಗೋಡೆ ಮೇಲೆ ಅದೇ ಎತ್ತರಕ್ಕೆ ಪೇಪರ್ ಟೇಪ್ ಅಂಟಿಸಿ. ಈಗ ಬೆಳಕಿನ ನಡುಭಾಗ ಆ ಟೇಪಿನಿಂದ ಎಷ್ಟು ಕೆಳಗೆ ಬೀಳಬೇಕು?

ಇಳಿತ = ಲೈಟಿನ ಎತ್ತರ × ಗೋಡೆಯ ದೂರ ÷ ಬೆಳಕು ನೆಲ ಮುಟ್ಟಬೇಕಾದ ದೂರ.

60 × 8 ÷ 60 = 8 ಸೆಂ.ಮೀ. ಅಷ್ಟೇ! ಒಂದು ಬೆರಳಿನ ಉದ್ದ. ಕಣ್ಣಂದಾಜಿನಲ್ಲಿ ಇಷ್ಟನ್ನು ಹಿಡಿಯುವುದು ಯಾರಿಂದಲೂ ಆಗದು.

ಫಾಗ್ ಲೈಟ್ ಆದರೆ ಲೆಕ್ಕ ಬೇರೆ. ಅದರ ಬೆಳಕು ಅಗಲ, ಮೇಲಿನ ಅಂಚು ಚಪ್ಪಟೆ. ಆ ಅಂಚು 25 ಮೀಟರ್‌ನಲ್ಲಿ ನೆಲ ಮುಟ್ಟಿದರೆ ಸಾಕು. ಅಂದರೆ ಗೋಡೆ ಮೇಲೆ ಸುಮಾರು 19 ಸೆಂ.ಮೀ. ಕೆಳಗೆ.

ನಾನು ಎಡವಿದ್ದು ಇಲ್ಲಿ

ಸೆಂಟರ್ ಸ್ಟ್ಯಾಂಡ್ ಹಾಕಿದಾಗ ನನ್ನ ಬೈಕಿನ ಹಿಂದಿನ ಚಕ್ರ ಮೇಲಕ್ಕೆದ್ದು ಮೂತಿ ಕೆಳಗಾಗುತ್ತದೆ. ಆ ಸ್ಥಿತಿಯಲ್ಲಿ ಸರಿ ಮಾಡಿದ ಲೈಟು, ಸ್ಟ್ಯಾಂಡ್ ತೆಗೆದ ಕೂಡಲೇ ಮೇಲಕ್ಕೆ ಏಳುತ್ತದೆ. ನಾವು ಕೂತರೆ ಇನ್ನೂ ಮೇಲೆ. ಹಿಂದೆ ಒಬ್ಬರು ಕೂತರಂತೂ ಕೇಳುವುದೇ ಬೇಡ, ಯಾಕೆಂದರೆ ಅವರ ಭಾರವೆಲ್ಲ ಹೆಚ್ಚುಕಮ್ಮಿ ಹಿಂದಿನ ಚಕ್ರದ ಮೇಲೇ ಬೀಳುತ್ತದೆ.

ಎಷ್ಟು ಮೇಲೆ? ಎರಡು ಚಕ್ರಗಳ ನಡುವೆ 140 ಸೆಂ.ಮೀ. ಅಂತ ಇಟ್ಟುಕೊಳ್ಳಿ. ಹಿಂದಿನ ಸಸ್ಪೆನ್ಷನ್ 3 ಸೆಂ.ಮೀ. ಜಾಸ್ತಿ ಕುಸಿದರೆ ಬೆಳಕು ಪ್ರತಿ ಮೀಟರಿಗೆ 2 ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿಯೇ ಏರುತ್ತದೆ. 8 ಮೀಟರ್ ಗೋಡೆ ಮೇಲೆ ಅದು 17 ಸೆಂ.ಮೀ. ನಾವು ಕೊಟ್ಟ ಇಳಿತ ಬರೀ 8! 60 ಮೀಟರ್‌ನಲ್ಲಿ ನೆಲ ಮುಟ್ಟಬೇಕಿದ್ದ ಬೆಳಕು ಅಲ್ಲಿ 128 ಸೆಂ.ಮೀ. ಎತ್ತರದಲ್ಲಿರುತ್ತದೆ. ಎದುರಿನ ಕಾರಿನವರ ಕಣ್ಣು ಇರುವುದೂ ಹೆಚ್ಚುಕಮ್ಮಿ ಅಲ್ಲೇ. ಆ ಸವಾರ ಕೈ ಅಡ್ಡ ಹಿಡಿದಿದ್ದು ಯಾಕೆಂದು ನನಗೆ ಅರ್ಥವಾಗಿದ್ದು ಈ ಲೆಕ್ಕ ಹಾಕಿದ ಮೇಲೆಯೇ.

ಆದ್ದರಿಂದ ಮೊದಲು ಗಾಳಿ ಸರಿಯಾಗಿ ಹಾಕಿಸಿ. ಬೈಕನ್ನು ಚಕ್ರದ ಮೇಲೆ ನೆಟ್ಟಗೆ ನಿಲ್ಲಿಸಿ. ನೀವೇ ಕೂತು, ಹಿಂದೆ ಕೂರುವವರನ್ನೂ ಕೂರಿಸಿ, ಬ್ಯಾಗ್ ಕಟ್ಟಿ. ಟೇಪು ಹಿಡಿದು ಅಳೆಯಲು ಮೂರನೆಯವರು ಬೇಕೇ ಬೇಕು. ಒಂದೊಂದೇ ಲೈಟ್ ಹೊಂದಿಸಿ, ಆಗ ಇನ್ನೊಂದನ್ನು ಬಟ್ಟೆಯಿಂದ ಮುಚ್ಚಿ. ಎರಡೂ ಒಟ್ಟಿಗೆ ಉರಿದರೆ ಯಾವುದು ಯಾವುದರ ಬೆಳಕು ಅಂತ ಗೊತ್ತಾಗದು.

ನಮ್ಮ ಕಾನೂನಿನಲ್ಲೂ ಇದರ ಅಳತೆ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದ ಪ್ರಕಾರ ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಬೆಳಕು ಕುಕ್ಕಬಾರದು. ನಾನು ಗೋಡೆಗೆ 8 ಮೀಟರ್ ಆರಿಸಿಕೊಂಡಿದ್ದು ಇದಕ್ಕೇ. ಗೋಡೆಗೆ ಬೆನ್ನು ಕೊಟ್ಟು, ಬೈಕಿನ ಬಲಗಡೆಗೆ (ಅಂದರೆ ನಿಮ್ಮ ಎಡಕ್ಕೆ) ಸ್ವಲ್ಪ ಸರಿದು ನಿಂತು ಲೈಟಿನ ಕಡೆ ನೋಡಿ. ನಿಮಗೇ ಕಣ್ಣು ಮುಚ್ಚುವ ಹಾಗಾದರೆ ಇನ್ನೂ ಇಳಿಸಬೇಕು. 2024ರ ಜುಲೈಯಿಂದ ಕರ್ನಾಟಕ ಪೊಲೀಸರು ಇಂಥ ಲೈಟುಗಳ ಮೇಲೆ ಕೇಸ್ ಹಾಕುತ್ತಿದ್ದಾರೆ. ನನ್ನ ಪ್ರಕಾರ ಅದು ಆಗಲೇಬೇಕಿದ್ದ ಕೆಲಸ.

ಹತ್ತಿರದ ಬೆಳಕು ಜಾಸ್ತಿಯಾದರೂ ತೊಂದರೆಯೇ

ಹಾಗಂತ ಪೂರ್ತಿ ಕೆಳಗೆ ತಿರುಗಿಸಿಬಿಡಬೇಡಿ. 10 ಮೀಟರ್‌ನಲ್ಲಿ ಬೀಳುವ ಬೆಳಕು 40 ಮೀಟರ್ ತಲುಪುವಷ್ಟರಲ್ಲಿ ಹದಿನಾರರಲ್ಲಿ ಒಂದು ಭಾಗವಾಗುತ್ತದೆ. ಚಕ್ರದ ಮುಂದೆಯೇ ಬೆಳ್ಳಗೆ ಬೆಳಗಿದರೆ ಕಣ್ಣು ಆ ಬೆಳಕಿಗೆ ಹೊಂದಿಕೊಳ್ಳುತ್ತದೆ. ಆಮೇಲೆ ದೂರದ್ದು ಇದ್ದದ್ದಕ್ಕಿಂತ ಕಪ್ಪಾಗಿ ಕಾಣುತ್ತದೆ. ಸುಮ್ನೆ ‘ಎಷ್ಟು ಬೆಳಕಿದೆ!’ ಅನ್ನಿಸುತ್ತದೆ, ಆದರೆ 50 ಮೀಟರ್ ಆಚೆಯ ಹಂಪ್ ಕಾಣುವುದಿಲ್ಲ.

ತಿರುವು ಮತ್ತು ಮಂಜು

ಬೈಕ್ ಎಡಕ್ಕೆ ವಾಲಿದರೆ ಬೆಳಕಿನ ಎಡ ತುದಿ ನೆಲಕ್ಕೆ ಇಳಿಯುತ್ತದೆ, ಬಲ ತುದಿ ಏಳುತ್ತದೆ. ತಿರುವಿನ ಒಳಭಾಗ, ಅಂದರೆ ನಾವು ಹೋಗಬೇಕಾದ ಜಾಗವೇ, ಕತ್ತಲಾಗುತ್ತದೆ. ಅದಕ್ಕೇ ಎಡಗಡೆಯ ಲೈಟನ್ನು ಒಂಚೂರು ಎಡಕ್ಕೆ ತಿರುಗಿಸಿದ್ದೇನೆ. ಬಲಗಡೆಯದನ್ನು ನೇರ ಇಡಿ, ಬಲಕ್ಕೆ ಮಾತ್ರ ಬೇಡ. ಎದುರಿನವರು ಬರುವುದು ಆ ಕಡೆಯಿಂದಲೇ ಅಲ್ವಾ?

ಮಳೆಗಾಲದ ಚಾರ್ಮಾಡಿ ಘಾಟಿಯಲ್ಲಿ ಹೈ ಬೀಮ್ ಹಾಕಿದವರಿಗೆ ಗೊತ್ತು, ಎದುರಿಗೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ. ಮಂಜಿನ ಹನಿಗಳು ಬೆಳಕನ್ನು ನಮ್ಮ ಕಣ್ಣಿಗೇ ವಾಪಸ್ ಕಳಿಸುತ್ತವೆ. ದೀಪ ಕಣ್ಣಿನ ಮಟ್ಟದಿಂದ ಕೆಳಗಿದ್ದಷ್ಟೂ, ಬೆಳಕು ತಗ್ಗಿದಷ್ಟೂ ಒಳ್ಳೆಯದು. ಹಳದಿ ಬಣ್ಣ ಮಂಜನ್ನು ಸೀಳುತ್ತದೆ ಅಂತಾರೆ. ಆದರೆ ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡದು, ಎಲ್ಲ ಬಣ್ಣವನ್ನೂ ಹೆಚ್ಚುಕಮ್ಮಿ ಒಂದೇ ಥರ ಚೆದುರಿಸುತ್ತದೆ. ಹಳದಿ ಕಣ್ಣಿಗೆ ಹಿತ ಅನ್ನಿಸಬಹುದು, ಆದರೆ ಕೆಲಸ ಮಾಡುವುದು ಬೆಳಕಿನ ಆಕಾರ.

ವೈರಿಂಗ್ ಬಗ್ಗೆ ಎರಡೇ ಮಾತು

ದೂರದ ಲೈಟಿನ ರಿಲೇಗೆ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಸಿಗ್ನಲ್ ಅನ್ನು ಹೈ ಬೀಮ್ ವೈರಿನಿಂದಲೇ ಕೊಡಿಸಿ. ಆಗ ಡಿಪ್ ಮಾಡಿದ ಕೂಡಲೇ ಅವೂ ಆರುತ್ತವೆ. ಫಾಗ್ ಲೈಟಿಗೆ ಬೇರೆ ಸ್ವಿಚ್ ಇರಲಿ. 20 ವ್ಯಾಟಿನ ಎರಡು ಲೈಟಿಗೆ 12 ವೋಲ್ಟಿನಲ್ಲಿ ಸುಮಾರು 3.3 ಆಂಪಿಯರ್ ಬೇಕು, ಬ್ಯಾಟರಿ ಹತ್ತಿರವೇ 5 ಆಂಪಿಯರ್ ಫ್ಯೂಸ್ ಹಾಕಿಸಿ.

ಕೆಟ್ಟ ರಸ್ತೆಯಲ್ಲಿ ಬ್ರ್ಯಾಕೆಟ್ ಸಡಿಲವಾಗಿ ಲೈಟು ತಾನೇ ತಿರುಗುತ್ತದೆ. ಹೊಂದಿಸಿದ ಮೇಲೆ ಲೈಟಿಗೂ ಬ್ರ್ಯಾಕೆಟ್ಟಿಗೂ ಸೇರಿಸಿ ಪೇಂಟ್ ಪೆನ್ನಿನಲ್ಲಿ ಒಂದು ಗೀಟು ಎಳೆಯಿರಿ, ಸರಿದಿದ್ದರೆ ನೋಡಿದ ಕೂಡಲೇ ತಿಳಿಯುತ್ತದೆ. ನನ್ನ ಬ್ರ್ಯಾಕೆಟ್ ಮೇಲೆ ಈಗ ಎರಡು ಗೀಟಿವೆ. ಬಿಳಿಯದು ಒಬ್ಬನೇ ಹೋಗುವಾಗ, ಕೆಂಪು ತಮ್ಮ ಹಿಂದೆ ಕೂತಾಗ. ಹೊರಡುವ ಮುಂಚೆ ಅಲೆನ್ ಕೀ ತೆಗೆದು ಒಂದರಿಂದ ಇನ್ನೊಂದಕ್ಕೆ ತಿರುಗಿಸಲು ಎರಡು ನಿಮಿಷ ಸಾಕು.